ಹರಾಜಿನ ರೇಟು, 4.2 ರೇಟಿಂಗ್ ತೋರಿಸಿ ಹಳೇ ಲಕ್ಷುರಿ ಕಾರು ಮಾರುತ್ತಿದ್ದಾರೆ, ಎಚ್ಚರ

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ನಮ್ಮ ಕಡೆ ಹಳೇ ಲಕ್ಷುರಿ ಕಾರು ಕೊಳ್ಳುವವರು ಜಾಸ್ತಿಯಾಗಿದ್ದಾರೆ. ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರ, ಎಲ್ಲ ಕಡೆಯೂ ಇದೇ ಮಾತು. ಹೊಸದರಲ್ಲಿ 70 ಲಕ್ಷ ಇದ್ದ ಗಾಡಿ 20 ಲಕ್ಷಕ್ಕೆ ಸಿಗುತ್ತದೆ ಎಂದರೆ ಯಾರಿಗಾದರೂ ಆಸೆಯಾಗುತ್ತದೆ. ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಬೆಂಗಳೂರಿನ ಒಬ್ಬ ಡೀಲರ್ ನಮ್ಮ ಭಾವನಿಗೆ ಮಾರಿದ ರೀತಿ ಬೇರೆಯವರ ಮೇಲೂ ನಡೆಯುತ್ತಿದೆ ಎಂದು ಗೊತ್ತಾಗಿದೆ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಭಾವನದು ಮೂಡಿಗೆರೆ ಹತ್ತಿರ ತೋಟ. 2025ರಲ್ಲಿ ಕಾಫಿ ಕೊಟ್ಟ ದುಡ್ಡು ಕೈಗೆ ಬಂದಾಗ 2017ರ ಒಂದು ಜರ್ಮನ್ ಡೀಸೆಲ್ ಸೆಡಾನ್ ನೋಡಿದರು. ಬೆಂಗಳೂರಿನ ನಂಬರ್, ಕಪ್ಪು ಬಣ್ಣ, ಒಳಗೆ ಕಂದು ಚರ್ಮದ ಸೀಟು. ಡೀಲರ್ ಗಾಡಿ ಬಗ್ಗೆ ಹೆಚ್ಚು ಮಾತನಾಡಲೇ ಇಲ್ಲ. ಎರಡು ಹಾಳೆ ಮುಂದಿಟ್ಟ. ಒಂದರಲ್ಲಿ ಅದೇ ಮಾಡೆಲ್, ಅದೇ ವರ್ಷದ ಗಾಡಿಗಳು ಡೀಲರುಗಳ ಹರಾಜಿನಲ್ಲಿ ಹೋದ ಬೆಲೆಯ ಸರಾಸರಿ 19.5 ಲಕ್ಷ ಎಂದಿತ್ತು. ಇನ್ನೊಂದು ಈ ಗಾಡಿಯದೇ ತಪಾಸಣೆ ರಿಪೋರ್ಟು. ಗಾಡಿಯ ಸ್ಥಿತಿಗೆ ರೇಟಿಂಗ್ 5ಕ್ಕೆ 4.2.

‘ಸರ್, ಡೀಲರುಗಳೇ ಇದನ್ನು ಹತ್ತೊಂಬತ್ತೂವರೆಗೆ ಎತ್ತುತ್ತಾರೆ. ನಾನು ನಿಮಗೆ ಇಪ್ಪತ್ತು ಮುಕ್ಕಾಲಿಗೆ ಕೊಡುತ್ತಿದ್ದೇನೆ. ಇದರಲ್ಲಿ ನನಗೇನು ಉಳಿಯುತ್ತೆ ನೀವೇ ಹೇಳಿ’ ಅಂದ. ಅದೇ ಹಾಳೆಗಳ ಫೋಟೋ ವಾಟ್ಸ್ಆ್ಯಪ್‌ಗೂ ಕಳಿಸಿದ. ಭಾವ 20.75 ಲಕ್ಷ ಕೊಟ್ಟು ಗಾಡಿ ತಂದರು.

ಬೇಸಿಗೆ ಮುಗಿಯುವವರೆಗೆ ಏನೂ ಆಗಲಿಲ್ಲ. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಗಾಡಿಯ ಮುಂದಿನ ಎಡಭಾಗ ನೆಲಕ್ಕೆ ಕುಸಿದು ಕೂತಿತ್ತು. ಅದರಲ್ಲಿದ್ದದ್ದು ಏರ್ ಸಸ್ಪೆನ್ಶನ್, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲ. ಆಮೇಲೆ ಗೇರ್ ಜರ್ಕ್ ಹೊಡೆಯಲು ಶುರುವಾಯಿತು. ಕೊಟ್ಟಿಗೆಹಾರದಿಂದ ವಾಪಸ್ ಬರುವಾಗ ಸ್ಕ್ರೀನಿನಲ್ಲಿ ಒಂದಾದ ಮೇಲೊಂದು ವಾರ್ನಿಂಗ್ ಬಂದು ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ಅಕ್ಕನೂ ಮಕ್ಕಳೂ ಗಾಡಿಯಲ್ಲಿದ್ದರು. ಆ ಮಂಜು, ಆ ಮಳೆ, ಸಿಗ್ನಲ್ ಇಲ್ಲದ ಜಾಗ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಹಾಸನದ ಬಿ.ಎಂ. ರಸ್ತೆಯ ಪರಿಚಯದ ಮೆಕ್ಯಾನಿಕ್ ಹತ್ತಿರ ಗಾಡಿ ತರಿಸಿದೆವು. ಅವನು ಬಾನೆಟ್ ಎತ್ತಲೇ ಇಲ್ಲ. ಮೊದಲು ಡಿಕ್ಕಿಯ ಮ್ಯಾಟ್ ಎತ್ತಿದ. ಸ್ಟೆಪ್ನಿ ಇಡುವ ಗುಂಡಿಯ ಮೂಲೆಯಲ್ಲಿ ಒಣಗಿದ ಸಣ್ಣ ಕೆಸರು. ಆಮೇಲೆ ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದ. ಕೊನೆಯ ಒಂದು ಗೇಣು ಬೆಲ್ಟಿನ ಬಣ್ಣವೇ ಬೇರೆ. ‘ಅಣ್ಣಾ, ಇದು ನೀರಲ್ಲಿ ನಿಂತಿದ್ದ ಗಾಡಿ’ ಅಂದ.

ಗಾಡಿಯನ್ನು ಫ್ಲಾಟ್‌ಬೆಡ್ ಮೇಲೆ ಹಾಕಿ ಶಿರಾಡಿ ಇಳಿಸಿ ಮಂಗಳೂರಿನ ಕಂಪನಿ ವರ್ಕ್‌ಶಾಪಿಗೆ ಕಳಿಸಿದೆವು. ಎಸ್ಟಿಮೇಟ್ 9 ಲಕ್ಷ 40 ಸಾವಿರ. ಅದೂ ಸದ್ಯಕ್ಕೆ ಕಂಡದ್ದಕ್ಕೆ ಮಾತ್ರ. ಇಂಥ ಗಾಡಿಗಳಲ್ಲಿ ಹಲವು ಕಂಟ್ರೋಲ್ ಯೂನಿಟ್‌ಗಳು (ಗಾಡಿ ನಡೆಸುವ ಸಣ್ಣ ಕಂಪ್ಯೂಟರುಗಳು) ಸೀಟಿನ ಕೆಳಗೆ, ಕಾರ್ಪೆಟ್ ಅಡಿಯಲ್ಲಿ, ಡಿಕ್ಕಿಯ ಪಕ್ಕದಲ್ಲಿ ಇರುತ್ತವೆ. ನೀರು ಮೊದಲು ಸೇರುವುದೂ ಅಲ್ಲೇ. ಕನೆಕ್ಟರಿನೊಳಗೆ ಹಸಿರು ತುಕ್ಕು ಹಿಡಿದು ತೊಂದರೆ ಕೊಡಲು ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಒಣಗಿಸಿ, ಪಾಲಿಶ್ ಹೊಡೆದು ಮಾರುವ ದಿನಕ್ಕೆ ಎಲ್ಲವೂ ಸರಿಯಾಗಿಯೇ ಓಡುತ್ತದೆ.

ಹಾಗಾದರೆ 4.2 ರೇಟಿಂಗ್ ಸುಳ್ಳಾ? ಇಲ್ಲ. ನಮಗೆ ಹೊಟ್ಟೆ ಉರಿದದ್ದೇ ಇಲ್ಲಿ. ಹಾಸನದಲ್ಲಿ ಹಳೇ ಗಾಡಿ ವ್ಯಾಪಾರ ಮಾಡುವ ಪರಿಚಯದವರೊಬ್ಬರಿಗೆ ಆ ಹರಾಜಿನ ಡೀಲರ್ ಲಾಗಿನ್ ಇತ್ತು. ಅವರು ಚಾಸಿಸ್ ನಂಬರ್ ಹಾಕಿ ನೋಡಿದರು. ಗಾಡಿ ಎರಡು ಸಲ ಹರಾಜಿಗೆ ಬಂದಿತ್ತು. ಮೊದಲ ಸಲ 4.2 ರೇಟಿಂಗ್, 18.9 ಲಕ್ಷದವರೆಗೆ ಬಿಡ್ ಹೋಗಿತ್ತು. ಮಾಲೀಕರು ಒಪ್ಪದೆ ಅದು ಮಾರಾಟವಾಗಿರಲಿಲ್ಲ. ಎರಡನೇ ಸಲ ಬಂದಾಗ 2.4. ‘ಕಾರ್ಪೆಟ್ ಒದ್ದೆ ಕಲೆ, ಸಸ್ಪೆನ್ಶನ್ ವಾರ್ನಿಂಗ್, ಓಡಿಸಿ ನೋಡಿಲ್ಲ’ ಎಂದು ಸ್ಪಷ್ಟವಾಗಿ ಬರೆದಿತ್ತು. ಹೋದದ್ದು 11.2 ಲಕ್ಷಕ್ಕೆ. ಈ ಎರಡರ ನಡುವೆ ಗಾಡಿ ಮುಳುಗಿತ್ತು. ಡೀಲರ್ ನಮಗೆ ತೋರಿಸಿದ್ದು ಮೊದಲ ರಿಪೋರ್ಟು. ಫೋಟೋದಲ್ಲಿ ತಾರೀಖು ಇದ್ದ ಮೇಲಿನ ಸಾಲು ಕತ್ತರಿಸಿ ಹೋಗಿತ್ತು.

ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಜನವರಿಯಲ್ಲಿ ತೆಗೆದ ಕಾಫಿ ಸ್ಯಾಂಪಲ್ಲಿನ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ತೋರಿಸಿ, ಫೆಬ್ರವರಿ ಮಳೆಯಲ್ಲಿ ಕಣದಲ್ಲೇ ನೆನೆದ ಚೀಲವನ್ನು ಯಾರಾದರೂ ಮಾರಲು ಬಂದರೆ ನಾವು ಒಪ್ಪುತ್ತೇವಾ? ರೇಟಿಂಗ್ ಕೂಡ ಆ ದಿನದ್ದು ಮಾತ್ರ. ತಾರೀಖು, ಅವತ್ತಿನ ಕಿಲೋಮೀಟರ್, ಚಾಸಿಸ್ ನಂಬರ್ ಮೂರೂ ಇಲ್ಲದ ರಿಪೋರ್ಟನ್ನು ನೋಡಲೇಬೇಡಿ. ಫೋಟೋ ಬೇಡ, ಪೂರ್ತಿ ಪಿಡಿಎಫ್ ಕೇಳಿ. ಎಲ್ಲ ಪುಟವೂ ಇರಬೇಕು.

ಇನ್ನು ಆ 19.5 ಲಕ್ಷದ ಸರಾಸರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಓದಿದವರೂ ಇಲ್ಲೇ ನಂಬಿಬಿಡುತ್ತಾರೆ.

ಹರಾಜಿನ ರೇಟು ನೋಡಿ ಕಾರಿನ ಬೆಲೆ ಕಟ್ಟುವ ಪದ್ಧತಿ ಅಮೆರಿಕದಲ್ಲಿ ಚೆನ್ನಾಗಿ ಬೆಳೆದಿದೆ. ಅಲ್ಲಿನ ಮ್ಯಾನ್‌ಹೈಮ್ ಎಂಬ ಹರಾಜು ಸಂಸ್ಥೆ 1945ರಿಂದ ಇದೆ. ಡೀಲರುಗಳ ನಡುವೆ ನಿಜವಾಗಿ ಮಾರಾಟವಾದ ಗಾಡಿಗಳ ಬೆಲೆಯಿಂದಲೇ ಅವರು ಮಾರುಕಟ್ಟೆ ದರ ಲೆಕ್ಕ ಹಾಕುತ್ತಾರೆ. ಸ್ಥಿತಿಗೆ 0ಯಿಂದ 5ರವರೆಗೆ ಗ್ರೇಡ್ ಇದೆ. ಹರಾಜಿನಲ್ಲಿ ಗಾಡಿ ಬಂದು ನಿಂತಾಗ ಮೇಲೆ ಲೈಟು ಹತ್ತುತ್ತದೆ. ಹಸಿರು ಎಂದರೆ ದೊಡ್ಡ ದೋಷ ಸಿಕ್ಕರೆ ತಕರಾರು ಮಾಡಬಹುದು. ಕೆಂಪು ಎಂದರೆ ಇದ್ದ ಹಾಗೇ ತಗೊಳ್ಳಬೇಕು. ಒಂದೇ ಮಾಡೆಲ್, ಒಂದೇ ವರ್ಷವಾದರೂ ಹಸಿರು ಲೈಟಿನ ಬೆಲೆ ಬೇರೆ, ಕೆಂಪು ಲೈಟಿನ ಬೆಲೆ ಬೇರೆ. ಜಪಾನಿನ ಹರಾಜುಗಳಲ್ಲಿ ಅಪಘಾತವಾಗಿ ರಿಪೇರಿಯಾದ ಗಾಡಿಗೆ 4, 4.5 ಎಂಬ ಅಂಕಿಯನ್ನೇ ಕೊಡುವುದಿಲ್ಲ. ‘ಆರ್’ ಎಂದು ಬೇರೆ ಗುರುತು ಹಾಕುತ್ತಾರೆ. ಒಳಭಾಗಕ್ಕೆ ಎ, ಬಿ, ಸಿ ಎಂದು ಪ್ರತ್ಯೇಕ ಗ್ರೇಡ್. ಅಂದರೆ ಬೆಲೆಯನ್ನು ಗ್ರೇಡಿನಿಂದ ಬಿಡಿಸಿ ಓದುವ ಹಾಗೇ ಇಲ್ಲ. ಒಳ್ಳೆ ಗ್ರೇಡಿನ ಗಾಡಿಗಳ ಸರಾಸರಿಯನ್ನು 2.4ರ ಗಾಡಿಗೆ ಅಂಟಿಸಿದರೆ ಅದು ಬೆಲೆಯೇ ಅಲ್ಲ.

ಇನ್ನೊಂದು ವಿಷಯ ಗಾಡಿಗಳ ಸಂಖ್ಯೆ. ಅಮೆರಿಕದಲ್ಲಿ ಲಕ್ಷುರಿ ಕಾರನ್ನು ಲೀಸಿಗೆ ಓಡಿಸಿ ಎರಡು-ಮೂರು ವರ್ಷಕ್ಕೆ ವಾಪಸ್ ಕೊಡುವವರು ತುಂಬಾ. ಒಂದೇ ಥರದ ಗಾಡಿಗಳು ರಾಶಿ ರಾಶಿ ಹರಾಜಿಗೆ ಬರುತ್ತವೆ. ಸರಾಸರಿಗೆ ಅಲ್ಲಿ ಅರ್ಥವಿದೆ. ನಮ್ಮಲ್ಲಿ 2024ರಲ್ಲಿ ಮಾರಾಟವಾದ ಕಾರುಗಳು ಸುಮಾರು 43 ಲಕ್ಷ. ಅದರಲ್ಲಿ ಲಕ್ಷುರಿ ಕಾರು ಸುಮಾರು 50 ಸಾವಿರ ಅಷ್ಟೇ, ಎಲ್ಲ ಕಂಪನಿ, ಎಲ್ಲ ಮಾಡೆಲ್ ಸೇರಿ. ಹಾಗಿದ್ದ ಮೇಲೆ 2017ರ ಒಂದು ಡೀಸೆಲ್ ಮಾಡೆಲ್ ದಕ್ಷಿಣದಲ್ಲಿ ಎಷ್ಟು ಹರಾಜಿಗೆ ಬಂದೀತು? ನಮಗೆ ತೋರಿಸಿದ ಸರಾಸರಿ ಮೂರೇ ಗಾಡಿಗಳದ್ದು. ಅದರಲ್ಲೊಂದು ಮಾರಾಟವೇ ಆಗದ ನಮ್ಮ ಗಾಡಿಯ ಹಳೇ ಬಿಡ್! ಆದ್ದರಿಂದ ಯಾರಾದರೂ ಸರಾಸರಿ ಹೇಳಿದರೆ ಎಷ್ಟು ಗಾಡಿ, ಎಷ್ಟು ಕಿಲೋಮೀಟರ್, ಯಾವ ಗ್ರೇಡ್, ಯಾವ ತಿಂಗಳು, ಮಾರಾಟವಾಯಿತಾ ಅಥವಾ ಬರೀ ಬಿಡ್ಡಾ ಎಂದು ಒಂದೊಂದಾಗಿ ಕೇಳಿ.

ತಿಂಗಳು ಯಾಕೆ ಮುಖ್ಯ ಎಂದರೆ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ ಬದಲಾಯಿತು. ಮುಂಚೆ ಜಿಎಸ್‌ಟಿ, ಸೆಸ್ ಸೇರಿ ಶೇ 48ರಿಂದ 50 ಇತ್ತು. ಈಗ ಶೇ 40. ಹೊಸ ಗಾಡಿಯ ಬೆಲೆ ಇಳಿದರೆ ಹಳೆಯದರದ್ದೂ ಇಳಿಯಬೇಕಲ್ವಾ? ಅದಕ್ಕಿಂತ ಹಿಂದಿನ ಹರಾಜಿನ ಹಾಳೆ ಇಟ್ಟುಕೊಂಡು ಇವತ್ತು ಮಾರುವುದು ನ್ಯಾಯವಲ್ಲ.

ಊರೂ ಮುಖ್ಯ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಭಯಕ್ಕೆ ಅಲ್ಲಿ ಡೀಸೆಲ್ ಲಕ್ಷುರಿ ಗಾಡಿಗಳು ಬಹಳ ಅಗ್ಗಕ್ಕೆ ಹೋಗುತ್ತಿದ್ದವು. ಅಲ್ಲಿಂದ ಎನ್ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ತಂದು ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿ ಹಾಸನದ ಕೆಎ-13, ಚಿಕ್ಕಮಗಳೂರಿನ ಕೆಎ-18 ನಂಬರ್ ಮಾಡಿಸುವಷ್ಟರಲ್ಲಿ ಆ ಅಗ್ಗ ಉಳಿದಿರುವುದಿಲ್ಲ.

ಬ್ಯಾಂಕಿನವರು ಜಪ್ತಿ ಮಾಡಿದ ಗಾಡಿಗಳ ಹರಾಜಿನ ಬೆಲೆಯನ್ನೂ ಹೋಲಿಕೆಗೆ ತರುತ್ತಾರೆ. ಅವು ತಿಂಗಳಾನುಗಟ್ಟಲೆ ಯಾರ್ಡಿನಲ್ಲಿ ಬ್ಯಾಟರಿ ಸತ್ತು ನಿಂತಿರುತ್ತವೆ. ಸ್ಟಾರ್ಟ್ ಆಗದ ಗಾಡಿಗೆ ಸ್ಕ್ಯಾನ್ ಮಾಡುವುದು ಹೇಗೆ? ಇದ್ದಲ್ಲಿ ಇದ್ದ ಹಾಗೆ ಎಂಬ ಷರತ್ತಿನ ಮೇಲೆ ಮಾರುತ್ತಾರೆ. ಆ ಅಪಾಯಕ್ಕೆ ಸೇರಿಯೇ ಬೆಲೆ ಕಡಿಮೆ.

ಹರಾಜಿನ ಬೆಲೆ ಡೀಲರ್ ಡೀಲರಿಗೆ ಕೊಡುವ ಬೆಲೆ. ಅವನ ಹತ್ತಿರ ಲಿಫ್ಟ್ ಇದೆ, ಸ್ಕ್ಯಾನರ್ ಇದೆ, ಬಿಡಿಭಾಗ ಕಡಿಮೆಗೆ ತರುವ ದಾರಿ ಇದೆ. ಒಂದರಲ್ಲಿ ಕಳೆದರೆ ಇನ್ನೊಂದರಲ್ಲಿ ಬರುತ್ತದೆ. ನಮ್ಮ ಹತ್ತಿರ ಇರುವುದು ಒಂದೇ ಗಾಡಿ, ಕಂಪನಿ ವರ್ಕ್‌ಶಾಪ್ ಮಂಗಳೂರು ಇಲ್ಲಾ ಬೆಂಗಳೂರಿನಲ್ಲಿ. ರೇಟಿಂಗ್ ಕೊಡುವವನು ಮುಖ್ಯವಾಗಿ ನೋಡುವುದು ಗೀರು, ಡೆಂಟು, ಪೇಂಟು, ಟೈರು, ಸೀಟು. ಆದರೆ ಇಂಥ ಗಾಡಿಯಲ್ಲಿ ದುಡ್ಡು ತಿನ್ನುವುದು ಗೇರ್‌ಬಾಕ್ಸ್, ಏರ್ ಸಸ್ಪೆನ್ಶನ್, ಟರ್ಬೊ, ಡೀಸೆಲ್ ಹೊಗೆಯ ಫಿಲ್ಟರ್. ಇದನ್ನು ತಣ್ಣಗಿನ ಇಂಜಿನ್ನಿನಲ್ಲಿ ಶುರು ಮಾಡಿ, ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿಯೇ ನೋಡಬೇಕು. ಒಟ್ಟು ಅಂಕಿ ನೋಡಬೇಡಿ. ಇಂಜಿನ್, ಗೇರ್‌ಬಾಕ್ಸ್ ಎದುರು ಏನು ಬರೆದಿದೆ ನೋಡಿ. ‘ಓಡಿಸಿ ನೋಡಿಲ್ಲ’ ಎಂದಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ನೀರಿನ ವಿಷಯ ಪ್ರತ್ಯೇಕವಾಗಿ ಪರೀಕ್ಷಿಸಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ದೊಡ್ಡ ದೊಡ್ಡ ಮನೆಗಳ ಮುಂದೆ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಚೆನ್ನೈನಲ್ಲಿ 2015ರಲ್ಲಿ, ಮತ್ತೆ 2023ರ ಡಿಸೆಂಬರಿನಲ್ಲಿ ಆಯಿತು. ರಿಪೇರಿ ಖರ್ಚು ಗಾಡಿಯ ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಗಾಡಿಯ ಬೆಲೆ) ಶೇ 75 ದಾಟಿದರೆ ಇನ್ಶೂರೆನ್ಸಿನವರು ಟೋಟಲ್ ಲಾಸ್ ಎಂದು ದುಡ್ಡು ಕೊಟ್ಟು ಮುಗಿಸುತ್ತಾರೆ. ಗಾಡಿ ಸ್ಕ್ರ್ಯಾಪಿಗೆ ಹೋಗುತ್ತದೆ ಎಂದುಕೊಳ್ಳಬೇಡಿ. ಬಹಳಷ್ಟು ಗಾಡಿಗಳು ಹರಾಜಾಗಿ, ಒಣಗಿ, ಅದೇ ಆರ್‌ಸಿಯ ಮೇಲೆ ಮತ್ತೆ ರಸ್ತೆಗೆ ಬರುತ್ತವೆ.

ಹಿಂದಿನ ಇನ್ಶೂರೆನ್ಸ್ ಪಾಲಿಸಿ ಕೇಳಿ. ಕ್ಲೇಮ್ ಮಾಡದೆ ಐದು ವರ್ಷ ಓಡಿಸಿದ ಮಾಲೀಕರಿಗೆ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ರಿಯಾಯಿತಿ) ಶೇ 50 ಇರುತ್ತದೆ. ಅದು ಸೊನ್ನೆಯಾಗಿದ್ದರೆ ಕ್ಲೇಮ್ ಆಗಿತ್ತಾ, ಏನು ಕ್ಲೇಮ್ ಎಂದು ಕೇಳಿ. ನಮ್ಮ ಗಾಡಿಯದು ಸೊನ್ನೆ. ಆ ಪಾಲಿಸಿ ನಮ್ಮ ಕೈಗೆ ಬಂದದ್ದು ದುಡ್ಡು ಕೊಟ್ಟ ಮೇಲೆ. ಹಾಗೇ ಮುಂಗಡ ಕೊಡುವ ಮುಂಚೆ ಚಾಸಿಸ್ ನಂಬರ್ ಇಟ್ಟುಕೊಂಡು ಕಂಪನಿ ವರ್ಕ್‌ಶಾಪಿನಲ್ಲಿ ಸರ್ವಿಸ್ ಹಿಸ್ಟರಿ ತೆಗೆಸಿ, ಮಾಲೀಕರ ಒಪ್ಪಿಗೆ ಬೇಕು ಎಂದರೆ ಡೀಲರೇ ಒಪ್ಪಿಗೆ ಕೊಡಿಸಲಿ. ಭಾವನ ಗಾಡಿಯ ಹಿಸ್ಟರಿಯಲ್ಲಿ ‘ನೀರು ನುಗ್ಗಿದೆ, ಎಸ್ಟಿಮೇಟ್ ಕೊಟ್ಟಿದೆ, ರಿಪೇರಿ ಆಗಿಲ್ಲ’ ಎಂದು ಮೊದಲೇ ಇತ್ತು. ಒಂದು ಗಂಟೆಯ ಕೆಲಸ. ಅಂಥ ವರ್ಕ್‌ಶಾಪಿನಲ್ಲೇ ಲಿಫ್ಟ್ ಮೇಲೆ ಗಾಡಿ ಎತ್ತಿ ನೋಡಲು ಡೀಲರ್ ಒಪ್ಪದಿದ್ದರೆ ಎದ್ದು ಬನ್ನಿ, ಅವನು ಎಷ್ಟೇ ಒಳ್ಳೆ ಮಾತಾಡಲಿ.

ನಾವು ಫೋನ್ ಮಾಡಿದಾಗ ಡೀಲರ್ ‘ಹರಾಜಿನ ಗಾಡಿ ಸರ್, ಗ್ಯಾರಂಟಿ ಅಂತ ಎಲ್ಲೂ ಬರೆದುಕೊಟ್ಟಿಲ್ಲ’ ಅಂದ. ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಭಾವ ಸುಮ್ನೆ ಬಿಡಲಿಲ್ಲ. ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡುವವರು ತಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ನಮ್ಮ ದೂರಿನಲ್ಲಿ ಮುಖ್ಯ ದಾಖಲೆ ಎಂದರೆ ಡೀಲರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಆ 4.2ರ ಫೋಟೋ, ಮತ್ತು ಅದೇ ಚಾಸಿಸ್ ನಂಬರಿನ 2.4ರ ರಿಪೋರ್ಟು. ನೀವು ಈಗಾಗಲೇ ಇಂಥ ಗಾಡಿ ತಂದಿದ್ದರೆ ಆ ಚಾಟ್ ಅಳಿಸಬೇಡಿ, ಹಳೇ ಫೋನ್ ಎಕ್ಸ್‌ಚೇಂಜಿಗೂ ಕೊಡಬೇಡಿ. ದುಡ್ಡು ಕೊಟ್ಟ ಬ್ಯಾಂಕ್ ರಸೀದಿ, ಮಾರಾಟ ಪತ್ರ, ಮೊದಲ ಸಲ ಕೆಟ್ಟಾಗಿನ ಜಾಬ್ ಕಾರ್ಡ್ ಮೂರನ್ನೂ ಒಂದೇ ಕಡೆ ಇಟ್ಟುಕೊಳ್ಳಿ. ಗಾಡಿ ಬಿಚ್ಚಿಸುವ ಮುಂಚೆ ಕೆಸರು, ತುಕ್ಕು ಎಲ್ಲದರ ವಿಡಿಯೋ ತೆಗೆದಿಡಿ.