ಒಂದೇ ಗೇಮ್, ಮೂರು ವಿಮರ್ಶೆ: ಅಂಕಪಟ್ಟಿ, ನೆನಪು, ನೋಟ್‌ಬುಕ್

ಗೇಮ್ ವಿಮರ್ಶೆ ಬರೆಯುವುದನ್ನು ಸರಿಯಾಗಿ ಕಲಿಯಬೇಕು ಅಂತ ಒಂದೇ ಗೇಮ್ ಬಗ್ಗೆ ಮೂರು ಸಲ ಬರೆದೆ. ಪ್ರತಿ ಸಲವೂ ಬೇರೆ ವಿಧಾನ. ಆರಿಸಿಕೊಂಡದ್ದು ಸೆಲೆಸ್ಟ್, 2018ರಲ್ಲಿ ಬಂದ ಗೇಮ್. ಮ್ಯಾಡೆಲಿನ್ ಅನ್ನುವ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ. ನೆಗೆಯಬಹುದು, ಗೋಡೆ ಹಿಡಿಯಬಹುದು, ಗಾಳಿಯಲ್ಲಿದ್ದಾಗ ಒಂದು ಡ್ಯಾಶ್ ಹೊಡೆಯಬಹುದು, ಅಂದರೆ ಬೇಕಾದ ಕಡೆಗೆ ಸರ್ರನೆ ನುಗ್ಗಬಹುದು. ಹೆಚ್ಚುಕಡಿಮೆ ಇಷ್ಟರಲ್ಲೇ ಇಡೀ ಆಟ ನಡೆಯುತ್ತದೆ.

ಮೊದಲು ಅಂಕಪಟ್ಟಿ. ಗ್ರಾಫಿಕ್ಸ್ 9, ಸಂಗೀತ 10, ಕಥೆ 8, ಕಂಟ್ರೋಲ್ 10, ಕಷ್ಟದ ಮಟ್ಟ 7. ಸರಾಸರಿ 8.8. ಒಂದೊಂದಕ್ಕೂ ಎರಡೆರಡು ಸಾಲು. ಒಂದು ಗಂಟೆಯಲ್ಲಿ ಮುಗಿಯಿತು. ಆದರೆ ಬರೆಯುವಾಗಲೇ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಮ್ಯಾಡೆಲಿನ್ ಕೂದಲು ಕೆಂಪಗಿದ್ದರೆ ಡ್ಯಾಶ್ ಇನ್ನೂ ಉಳಿದಿದೆ ಅಂತ ಅರ್ಥ. ನೀಲಿಯಾದರೆ ಖರ್ಚಾಗಿದೆ. ನೆಲ ಮುಟ್ಟಿದ ಕೂಡಲೇ ಮತ್ತೆ ಕೆಂಪು. ಪರದೆಯ ಮೂಲೆಯಲ್ಲಿ ಯಾವ ಮೀಟರೂ ಬೇಡ, ಕಣ್ಣು ಅವಳ ಮೇಲಿದ್ದರೆ ಸಾಕು. ಇದನ್ನು ಗ್ರಾಫಿಕ್ಸ್‌ನಲ್ಲಿ ಬರೆಯಲಾ, ಕಂಟ್ರೋಲ್‌ನಲ್ಲಿ ಬರೆಯಲಾ? ಗೇಮ್‌ನ ಅತಿ ಜಾಣ ಕೆಲಸಕ್ಕೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಬಿಟ್ಟೇ ಬಿಟ್ಟೆ.

ಅಂಕ ಕೊಡುವುದು ಹಳೆಯ ಪದ್ಧತಿ. ಜಪಾನಿನ ಫ್ಯಾಮಿಟ್ಸು ಪತ್ರಿಕೆಯಲ್ಲಿ ನಾಲ್ಕು ಜನ ತಲಾ 10ಕ್ಕೆ ಅಂಕ ಹಾಕಿ 40ಕ್ಕೆ ಕೂಡಿಸುತ್ತಾರೆ. ಯೂರೋಗೇಮರ್ ಜಾಲತಾಣ 2015ರಲ್ಲಿ ಅಂಕ ಕೈಬಿಟ್ಟಿತು, 2023ರಲ್ಲಿ ನಕ್ಷತ್ರಗಳ ರೂಪದಲ್ಲಿ ವಾಪಸ್ ತಂದಿತು. ವರ್ಷಗಟ್ಟಲೆ ಇದೇ ಕೆಲಸ ಮಾಡುವವರೂ ಅಂಕ ಬೇಕೋ ಬೇಡವೋ ಅಂತ ಯೋಚಿಸುತ್ತಲೇ ಇದ್ದಾರೆ. ನನ್ನ ಅನುಭವದಲ್ಲಿ ಅಂಕಕ್ಕಿಂತ ಪಟ್ಟಿಯೇ ಉಪಯೋಗಕ್ಕೆ ಬಂತು. ಅಕ್ಷರ ಓದುವಷ್ಟು ದೊಡ್ಡದಿದೆಯಾ, ಬಟನ್ ಬದಲಾಯಿಸಿಕೊಳ್ಳಬಹುದಾ, ಮಧ್ಯದಲ್ಲಿ ಗೇಮ್ ನಿಂತುಹೋಗುತ್ತದಾ: ಇಂಥವು ಪಟ್ಟಿ ಇಲ್ಲದಿದ್ದರೆ ಮರೆತೇ ಹೋಗುತ್ತವೆ. ಎಷ್ಟೋ ಆಟಗಾರರಿಗೆ ಮೊದಲು ಬೇಕಾದದ್ದು ಇದೇ.

ಎರಡನೆಯದು ನೆನಪಿನಿಂದ ಬರೆಯುವುದು. ಗೇಮ್ ಮುಗಿಸಿದ ರಾತ್ರಿಯೇ ಕೂತು ಒಂದೇ ಉಸಿರಿಗೆ ಬರೆದೆ. ಬರೆಯುವಾಗ ತುಂಬಾ ಖುಷಿಯಾಯಿತು. ನಾಲ್ಕು ದಿನ ಬಿಟ್ಟು ಓದಿದರೆ ‘ಅದ್ಭುತ’ ಅನ್ನುವ ಪದ ಐದು ಕಡೆ ಇತ್ತು, ಯಾವುದು ಅದ್ಭುತ ಅನ್ನುವುದು ಒಂದು ಕಡೆಯೂ ಇರಲಿಲ್ಲ. ಶಿಖರ ಮುಟ್ಟಿದ ಸಂತೋಷ ಇಡೀ ಬರಹಕ್ಕೆ ಬಣ್ಣ ಬಳಿದಿತ್ತು. ಮಧ್ಯದ ಹೋಟೆಲ್ ಭಾಗದಲ್ಲಿ ನನಗೆ ನಿಜಕ್ಕೂ ಬೇಜಾರು ಬಂದಿತ್ತು. ಅದರ ಸುಳಿವೇ ಇಲ್ಲ.

ಆದರೂ ಒಂದು ಪ್ಯಾರಾ ಮಾತ್ರ ಗಟ್ಟಿಯಾಗಿತ್ತು. ಮ್ಯಾಡೆಲಿನ್ ಕೂತಿದ್ದ, ಹಗ್ಗದ ಮೇಲೆ ಸಾಗುವ ಗೊಂಡೋಲಾ ಮಧ್ಯದಲ್ಲೇ ನಿಂತುಬಿಡುತ್ತದೆ. ಅವಳಿಗೆ ಗಾಬರಿಯಾಗಿ ಉಸಿರು ಕಟ್ಟುತ್ತದೆ. ಜೊತೆಗಿರುವ ಥಿಯೋ, ಒಂದು ಗರಿಯನ್ನು ಕಲ್ಪಿಸಿಕೋ, ಉಸಿರಿನಿಂದ ಅದನ್ನು ತೇಲಿಸು ಅಂತ ಹೇಳಿಕೊಡುತ್ತಾನೆ. ಆ ಗರಿಯನ್ನು ತೇಲಿಸುವುದು ನಾವು, ಬಟನ್ ಒತ್ತಿ, ಬಿಟ್ಟು, ಒತ್ತಿ. ಹತ್ತು ಸೆಕೆಂಡಿನೊಳಗೆ ನನ್ನ ಉಸಿರೂ ಅದೇ ಲಯಕ್ಕೆ ಬಂದಿತ್ತು. ಯಾವ ಟಿಪ್ಪಣಿಯೂ ಇಲ್ಲದೆ ಇದು ನೆನಪಿನಲ್ಲಿ ಉಳಿದಿತ್ತು. ಅದಕ್ಕೇ ಈ ವಿಧಾನವನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರಲಿಲ್ಲ.

ಮೂರನೇ ಸಲ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮೊದಲಿಂದ ಆಡಿದೆ. ಒಂದು ಸಲ ಆಡಲು ಕೂತರೆ ಮೂರೇ ಸಾಲು: ನಾನು ಏನು ಮಾಡಿದೆ, ಗೇಮ್ ಅದಕ್ಕೆ ಏನು ಮಾಡಿತು, ನನಗೆ ಏನನಿಸಿತು. ಒಂದು ದಿನದ ಟಿಪ್ಪಣಿ ಹೀಗಿತ್ತು: ‘ತುದಿ ದಾಟಿದ ಮೇಲೆ ಜಂಪ್ ಒತ್ತಿದೆ. ಬಿದ್ದೆ ಅಂದುಕೊಂಡೆ. ಆದರೂ ನೆಗೆದಳು. ಯಾಕೆ?’

ಈ ‘ಯಾಕೆ’ ಹಿಡಿದು ಹೋದಾಗ ತಿಳಿದದ್ದು: ಅಂಚು ಬಿಟ್ಟ ಮೇಲೂ ಕೆಲವು ಫ್ರೇಮ್‌ಗಳ ಕಾಲ, ಅಂದರೆ ಸೆಕೆಂಡಿನ ಒಂದು ಚೂರಿನಷ್ಟು ಹೊತ್ತು, ಜಂಪ್ ಒತ್ತಲು ಗೇಮ್ ಅವಕಾಶ ಇಟ್ಟಿರುತ್ತದೆ. ಗೇಮ್ ಮಾಡುವವರು ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. ಅಂಕಪಟ್ಟಿಯಲ್ಲಿ ನಾನು ಬರೆದಿದ್ದು ‘ಕಂಟ್ರೋಲ್ ತುಂಬಾ ಚೆನ್ನಾಗಿದೆ’ ಅಂತ. ಈಗ ಬರೆದದ್ದು: ‘ಕಣ್ಣಿಗೆ ಕಾಣುವಷ್ಟು ಕಟುವಾಗಿಲ್ಲ ಈ ಆಟ. ನೀವು ಕೂದಲೆಳೆಯಷ್ಟು ತಡ ಮಾಡಿದರೆ ಸುಮ್ನೆ ಕ್ಷಮಿಸಿಬಿಡುತ್ತದೆ.’ ಎರಡನೇ ಸಾಲಿನಲ್ಲಿ ಓದುಗರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ, ಅಲ್ವಾ?

ಟಿಪ್ಪಣಿಗಳನ್ನೆಲ್ಲ ಒಟ್ಟಿಗೆ ಓದಿದಾಗ ಒಂದೇ ಪ್ರಶ್ನೆ ಎದ್ದು ಕಂಡಿತು. ಇಷ್ಟೊಂದು ಸಲ ಸತ್ತರೂ ನನಗೆ ಯಾಕೆ ಸಿಟ್ಟು ಬರಲಿಲ್ಲ? ಸತ್ತ ಕ್ಷಣದಲ್ಲೇ ಅದೇ ಕೋಣೆಯಲ್ಲಿ ಮತ್ತೆ ಶುರು, ಕಾಯುವುದಿಲ್ಲ. ಕೋಣೆಗಳೂ ಹೆಚ್ಚಾಗಿ ಚಿಕ್ಕವು. ಆಟ ಸುಲಭ ಮಾಡಿಕೊಳ್ಳಲು ಅಸಿಸ್ಟ್ ಮೋಡ್ ಇದೆ, ಅದರಲ್ಲಿ ಆಟದ ವೇಗವನ್ನು ಅರ್ಧಕ್ಕೆ ಇಳಿಸಬಹುದು. ಇಡೀ ವಿಮರ್ಶೆ ಈ ಪ್ರಶ್ನೆಯ ಸುತ್ತಲೇ ಬೆಳೆಯಿತು. ಮೊದಲು ಕಷ್ಟಕ್ಕೆ 7 ಅಂಕ ಕೊಟ್ಟಿದ್ದೆನಲ್ಲ, ಅದಕ್ಕೆ ಅರ್ಥವೇ ಇರಲಿಲ್ಲ ಅಂತ ಆಗ ಗೊತ್ತಾಯಿತು. ಕಷ್ಟ ಎಷ್ಟಿರಬೇಕು ಅನ್ನುವುದನ್ನು ಗೇಮ್ ಆಡುವವರ ಕೈಗೇ ಕೊಟ್ಟಿದೆ.

ಆದರೆ ಮೂರನೇ ಸಲಕ್ಕೆ ಗೇಮ್ ನನಗೆ ಪರಿಚಯವಾಗಿತ್ತು, ಹಾಗಾಗಿ ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಅದಕ್ಕೆ ಹೊಸ ಗೇಮ್ ಒಂದನ್ನು ಮೊದಲ ದಿನದಿಂದಲೇ ನೋಟ್‌ಬುಕ್ ಹಿಡಿದು ಆಡಿದೆ: 2019ರ ಔಟರ್ ವೈಲ್ಡ್ಸ್, ಬಾಹ್ಯಾಕಾಶ ನೌಕೆಯಲ್ಲಿ ಗ್ರಹಗಳನ್ನು ಸುತ್ತುತ್ತಾ ಸುಳಿವು ಹುಡುಕುವ ಆಟ. ಅಲ್ಲಿ 22 ನಿಮಿಷಕ್ಕೆ ಸೂರ್ಯ ಸಿಡಿದು ಕಾಲ ಹಿಂದಕ್ಕೆ ಹೋಗುತ್ತದೆ, ಮತ್ತೆ ಮೊದಲಿಂದ ಶುರು. ಹೊಸ ಶಕ್ತಿ, ಆಯುಧ ಯಾವುದೂ ಸಿಗುವುದಿಲ್ಲ. ಉಳಿಯುವುದು ನಾವು ತಿಳಿದುಕೊಂಡದ್ದು ಮಾತ್ರ.

ಇಲ್ಲಿ ನೋಟ್‌ಬುಕ್ ಸೋತಿತು. ಬರೆಯಲು ನಿಂತಾಗಲೆಲ್ಲ ಆ ಲೋಕದಿಂದ ಹೊರಗೆ ಬಂದಂತಾಗುತ್ತಿತ್ತು. ಹಾಳೆಗಳು ತುಂಬಿದವು, ಆದರೆ ಅವುಗಳಲ್ಲಿ ಮುಕ್ಕಾಲು ಪಾಲು ಸ್ಪಾಯ್ಲರ್. ತಿಳಿಯುವುದೇ ಆಟವಾದಾಗ, ತಿಳಿದದ್ದನ್ನು ವಿಮರ್ಶೆಯಲ್ಲಿ ಹೇಳಿಬಿಟ್ಟರೆ ಓದುಗರ ಪಾಲಿನ ಆಟವನ್ನೇ ಕಿತ್ತುಕೊಂಡ ಹಾಗೆ. ನೋಟ್‌ಬುಕ್ ಮುಚ್ಚಿ ನೆನಪಿನಿಂದ ಬರೆದದ್ದೇ ಚೆನ್ನಾಗಿ ಬಂತು. ಒಬ್ಬಳೇ ನೌಕೆಯಲ್ಲಿ ಕೂತಿದ್ದಾಗ ಆದ ಭಯ, ಒಂದು ಸುಳಿವು ಇನ್ನೊಂದಕ್ಕೆ ಕೂಡಿಕೊಂಡಾಗ ಆದ ರೋಮಾಂಚನ. ಏನು ಕಂಡೆ ಅಂತ ಹೇಳದೆಯೂ ಇವನ್ನು ಹೇಳಬಹುದು.

ಆಡಿದ್ದನ್ನೆಲ್ಲ ವಿಡಿಯೋ ಮಾಡಿಟ್ಟು ಮತ್ತೆ ನೋಡುವುದನ್ನೂ ಮಾಡಿದೆ. ಟೈಮ್ ಜಾಸ್ತಿ ಹೋಗುತ್ತದೆ. ಒಂದು ಸಂಗತಿ ಸರಿಯೋ ತಪ್ಪೋ ಅಂತ ನೋಡಲು ಪರವಾಗಿಲ್ಲ, ಅಷ್ಟೇ.

ಇನ್ನೊಂದು ಮಾತು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ 2 ಗಂಟೆಯಲ್ಲೇ ವಿಮರ್ಶೆ ಬರೆದೂ ನೋಡಿದೆ. ಗೇಮ್ ಸರಿಯಾಗಿ ಓಡುತ್ತದಾ, ಶುರು ಹಿಡಿಸುತ್ತದಾ ಅಂತ ಧೈರ್ಯವಾಗಿ ಹೇಳಬಹುದು, ಅದರಾಚೆ ಏನನ್ನೂ ಹೇಳಬಾರದು. ಸ್ಟೀಮ್ ಪ್ರತಿ ವಿಮರ್ಶೆಯ ಜೊತೆ ಆಡಿದ ಗಂಟೆ ತೋರಿಸುವುದು ನನಗೆ ಬಹಳ ಇಷ್ಟ. ಈಗ ನಾನು ಎಲ್ಲಿ ಬರೆದರೂ ಎಷ್ಟು ಗಂಟೆ ಆಡಿದೆ, ಮುಗಿಸಿದೆನೋ ಇಲ್ಲವೋ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳುತ್ತೇನೆ.

ಒಂದನ್ನೇ ಆರಿಸು ಅಂದರೆ ನೋಟ್‌ಬುಕ್ ಅನ್ನುತ್ತೇನೆ. ಆದರೆ ಈಗ ಆಡುವ ಮಧ್ಯೆ ಬರೆಯುವುದಿಲ್ಲ, ಎದ್ದ ಮೇಲೆ ಬರೆಯುತ್ತೇನೆ. ಗೇಮ್ ಮುಗಿದು ಎರಡು ದಿನ ಬಿಟ್ಟು, ನೋಟ್‌ಬುಕ್ ತೆರೆಯದೆ ಮೊದಲ ಕರಡು. ಆಮೇಲೆ ತೆರೆದು, ನೆನಪು ಎಲ್ಲಿ ಜಾಸ್ತಿ ಹೊಗಳಿದೆ, ಎಲ್ಲಿ ಬೇಜಾರನ್ನು ಮುಚ್ಚಿಟ್ಟಿದೆ ಅಂತ ತಿದ್ದುತ್ತೇನೆ. ಅಂಕ ಇಲ್ಲದ ಪಟ್ಟಿ ಕೊನೆಗೆ.

ಸೆಲೆಸ್ಟ್‌ನ ಮೂರೂ ವಿಮರ್ಶೆಗಳನ್ನು ಅಕ್ಕನಿಗೆ ಓದಲು ಕೊಟ್ಟೆ. ಅವಳು ಗೇಮ್ ಆಡಿದವಳೇ ಅಲ್ಲ. ಮೊದಲನೆಯದನ್ನು ಓದಿ ‘8.8 ಅಂದ್ರೆ ಒಳ್ಳೇದಾ?’ ಅಂದಳು. ಎರಡನೆಯದಕ್ಕೆ ‘ನಿಂಗೆ ತುಂಬಾ ಇಷ್ಟ ಆಗಿದೆ’ ಅಂದಳು. ಮೂರನೆಯದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ವೇಗ ಕಡಿಮೆ ಮಾಡೋದು ಹೇಗೆ, ತೋರಿಸು’ ಅಂತ ಕಂಟ್ರೋಲರ್‌ಗೆ ಕೈಚಾಚಿದಳು.