ಟಿಐ-84 ಪ್ಲಸ್: ಟಿ-ಟೆಸ್ಟ್ ಕಲಿಸುವವರ ಕೈಗೆ ಒಪ್ಪುವ ಕ್ಯಾಲ್ಕುಲೇಟರ್

ವಿಜಯಪುರದಲ್ಲಿ ಡಿಗ್ರಿ ಹುಡುಗರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-84 ಪ್ಲಸ್ ಹಲವು ವರ್ಷಗಳಿಂದ ನನ್ನ ಮೇಜಿನ ಮೇಲಿದೆ. ಅದರಲ್ಲಿ ಗ್ರಾಫ್ ಬಿಡಿಸಿದ್ದು ಕಡಿಮೆ, ಒಂದು ಸ್ಯಾಂಪಲ್‌ನ ಟಿ-ಟೆಸ್ಟ್ (ಕೆಲವೇ ಅಳತೆಗಳನ್ನು ನೋಡಿ, ನಿಜವಾದ ಸರಾಸರಿ ಹೇಳಿದ ಸಂಖ್ಯೆಗಿಂತ ಬೇರೆಯೇ ಎಂದು ಕೇಳುವ ಪರೀಕ್ಷೆ) ಮಾಡಿದ್ದೇ ಹೆಚ್ಚು. ಹಾಗಾಗಿ ಆ ಒಂದು ಕೆಲಸದ ಬಗ್ಗೆಯಷ್ಟೇ ಬರೆಯುತ್ತೇನೆ.

ನಮ್ಮೂರಿನ ಉದಾಹರಣೆಯನ್ನೇ ತಗೊಳ್ಳಿ. 250 ಗ್ರಾಂ ಎಂದು ಬರೆದ ಒಣದ್ರಾಕ್ಷಿಯ ಎಂಟು ಪೊಟ್ಟಣ ತೂಗಿದಾಗ 248, 251, 247, 249, 246, 250, 248, 249 ಬಂತು ಅನ್ನೋಣ. ಸ್ಟ್ಯಾಟ್ ಕೀಲಿ ಒತ್ತಿ, ಎಡಿಟ್‌ನಲ್ಲಿ ಎಲ್1 ಪಟ್ಟಿಗೆ ಇವನ್ನು ತುಂಬಬೇಕು. ಮತ್ತೆ ಸ್ಟ್ಯಾಟ್, ಟೆಸ್ಟ್ಸ್, ಎರಡನೆಯದು ಟಿ-ಟೆಸ್ಟ್. ಇನ್‌ಪುಟ್ ಡೇಟಾ, ಮ್ಯೂ-ಸೊನ್ನೆ (ಹೋಲಿಸಬೇಕಾದ ಸರಾಸರಿ) 250, ಪಟ್ಟಿ ಎಲ್1, ಫ್ರೀಕ್ವೆನ್ಸಿ 1. ಕೊನೆಗೆ ≠, <, > ಮೂರರಲ್ಲಿ ಒಂದನ್ನು ಆರಿಸಿ ಕ್ಯಾಲ್ಕುಲೇಟ್ ಒತ್ತಿದರೆ ಮುಗಿಯಿತು. ≠ ಆರಿಸಿದ್ದರೆ ಟಿ ಬೆಲೆ (ಸರಾಸರಿ 250ರಿಂದ ಎಷ್ಟು ದೂರ ಎಂಬುದರ ಅಳತೆ) -2.6458, ಪಿ 0.0331, ಕೆಳಗೆ ಸರಾಸರಿ 248.5, ಎಸ್‌ಎಕ್ಸ್ (ತೂಕಗಳು ಎಷ್ಟು ಚದುರಿವೆ ಎಂಬ ಅಳತೆ, ಪ್ರಮಾಣಿತ ವಿಚಲನೆ) 1.6036, ಎನ್ (ಪೊಟ್ಟಣಗಳ ಸಂಖ್ಯೆ) 8. ಪಿ 0.0331 ಅಂದರೆ, ನಿಜವಾದ ಸರಾಸರಿ 250 ಆಗಿದ್ದರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುವ ಸಂಭವ ನೂರಕ್ಕೆ ಮೂರರಷ್ಟು ಎಂದರ್ಥ.

ನನಗೆ ಬಹಳ ಹಿಡಿಸಿದ್ದು ಆ ಮೂರು ಚಿಹ್ನೆಗಳ ಸಾಲು. ಉತ್ತರ ಕಾಣುವ ಮೊದಲೇ ನಿಮ್ಮ ಪ್ರಶ್ನೆ ಏನು ಎಂದು ಯಂತ್ರ ಕೇಳುತ್ತದೆ, ಉತ್ತರದ ಮೇಲ್ಸಾಲಿನಲ್ಲಿ ಅದನ್ನೇ ಬರೆದು ತೋರಿಸುತ್ತದೆ. ತೂಕ ಕಡಿಮೆಯೇ ಎಂದಷ್ಟೇ ಕೇಳುವುದಾದರೆ < ಆರಿಸಬೇಕು. ಆಗ ಪಿ ಅರ್ಧಕ್ಕಿಳಿದು 0.0166 ಆಗುತ್ತದೆ. ಅದಕ್ಕೇ ಚಿಹ್ನೆಯನ್ನು ತೂಗುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಉತ್ತರ ನೋಡಿದ ಮೇಲೆ ಚಿಹ್ನೆ ಬದಲಿಸಿದರೆ ಅದನ್ನು ಯಾವ ಕ್ಯಾಲ್ಕುಲೇಟರ್ರೂ ಹಿಡಿಯಲಾರದು.

ಸರಾಸರಿ, ಎಸ್‌ಎಕ್ಸ್, ಎನ್ ಮೊದಲೇ ಗೊತ್ತಿದ್ದರೆ ಡೇಟಾ ಬದಲು ಸ್ಟ್ಯಾಟ್ಸ್ ಆರಿಸಬಹುದು. ಎಚ್ಚರ ಬೇಕಾದದ್ದು ಇಲ್ಲಿ. ಒಂದು ಪಟ್ಟಿಯ ಸಾರಾಂಶ ಕೊಡುವ ಒನ್-ವಾರ್ ಸ್ಟ್ಯಾಟ್ಸ್ ಪರದೆಯಲ್ಲಿ ಎಸ್‌ಎಕ್ಸ್ 1.6036, ಸಿಗ್ಮಾಎಕ್ಸ್ 1.5 ಎರಡೂ ಒಂದರ ಕೆಳಗೊಂದು ನಿಂತಿರುತ್ತವೆ. ಎರಡೂ ಚದುರುವಿಕೆಯ ಅಳತೆಗಳೇ. ಲೆಕ್ಕದಲ್ಲಿ ಮೊದಲನೆಯದು ಏಳರಿಂದ (ಎನ್‌ಗಿಂತ ಒಂದು ಕಡಿಮೆ) ಭಾಗಿಸಿದ್ದು, ಎರಡನೆಯದು ಎಂಟರಿಂದ. ಟಿ-ಟೆಸ್ಟ್‌ಗೆ ಬೇಕಾದದ್ದು ಎಸ್‌ಎಕ್ಸ್. ಸಿಗ್ಮಾ ಹಾಕಿದರೆ ಟಿ -2.83ಕ್ಕೆ ಜಿಗಿದು, ಪುರಾವೆ ಇದ್ದದ್ದಕ್ಕಿಂತ ಬಲವಾಗಿ ಕಾಣುತ್ತದೆ. ಸ್ಯಾಂಪಲ್ ಚಿಕ್ಕದಿದ್ದಷ್ಟೂ ಈ ಅಂತರ ದೊಡ್ಡದು. ಟಿ ಪರೀಕ್ಷೆ ಹುಟ್ಟಿದ್ದೇ ಚಿಕ್ಕ ಸ್ಯಾಂಪಲ್‌ಗಾಗಿ: ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು.

ಪಿ ಬಹಳ ಚಿಕ್ಕದಾದರೆ ಪರದೆಯಲ್ಲಿ 3.2ಇ-4 ಎಂಬಂತೆ ಬರುತ್ತದೆ. "ಸರ್, ಪಿ ಮೂರಕ್ಕಿಂತ ಜಾಸ್ತಿ ಬಂತ್ರಿ" ಅನ್ನುವ ಹುಡುಗರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಸಾಲಿನ ತುದಿಯವರೆಗೂ ಓದಿ, ಅದು 0.00032 ಎಂದು ಬಿಡಿಸಿ ಬರೆಯುವುದನ್ನು ಮೊದಲ ದಿನವೇ ರೂಢಿ ಮಾಡಿಸಿ.

≠ ಆರಿಸಿ, ಕ್ಯಾಲ್ಕುಲೇಟ್ ಬದಲು ಡ್ರಾ ಒತ್ತಿದರೆ ಟಿ ಬೆಲೆಗಳ ವಕ್ರರೇಖೆಯ ಎರಡೂ ಬಾಲಗಳು (ತುದಿಗಳು) ಕಪ್ಪಾಗುತ್ತವೆ. ಪರದೆ 96 × 64 ಪಿಕ್ಸೆಲ್‌ನದು, ಗೆರೆಗಳು ಒರಟು. ಆದರೂ ಪಿ ಅಂದರೆ ವಿಸ್ತೀರ್ಣ ಅನ್ನುವುದು ಹುಡುಗರ ತಲೆಗೆ ಹೋಗುವುದು ಆ ಪರದೆಯಿಂದಲೇ. ಮೊದಲು ವೈ= ಪರದೆಯ ಹಳೆ ಸಮೀಕರಣಗಳನ್ನು ಅಳಿಸಿಬಿಡಿ, ಇಲ್ಲದಿದ್ದರೆ ಅವೂ ಚಿತ್ರದೊಳಗೆ ಬರುತ್ತವೆ. ಪಟ್ಟಿ ಖಾಲಿ ಮಾಡಲು ಎಲ್1 ಹೆಸರಿನ ಮೇಲೆ ಹೋಗಿ ಕ್ಲಿಯರ್, ಎಂಟರ್ ಒತ್ತಿ. ಅಲ್ಲಿ ಡೆಲ್ ಒತ್ತಿದರೆ ಪಟ್ಟಿಯೇ ಎಡಿಟರ್‌ನಿಂದ ಮಾಯ. ಸ್ಟ್ಯಾಟ್ ಮೆನುವಿನ ಸೆಟಪ್‌ಎಡಿಟರ್ ಅದನ್ನು ವಾಪಸು ತರುತ್ತದೆ.

ಕೊಳ್ಳಬೇಕೆ? ಸ್ಟೇಷನರಿ ಅಂಗಡಿಯ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಿಂತ ಬೆಲೆ ಹಲವು ಪಟ್ಟು, ನಮ್ಮ ಕಡೆಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಿಡುವುದೂ ಇಲ್ಲ. ವಿದ್ಯಾರ್ಥಿ ಸ್ವಂತಕ್ಕೆ ಕೊಳ್ಳುವುದು ಬೇಡ. ವಿಭಾಗಕ್ಕೆ ಒಂದೆರಡು ಇದ್ದರೆ ಧಾರಾಳ ಸಾಕು. ನಾಲ್ಕು ಎಎಎ ಸೆಲ್‌ನಲ್ಲಿ ನಡೆಯುವುದರಿಂದ ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ.