ಡಿಜೆ ಮುಂದೆ ಕುಣಿದ ಮಾರನೇ ದಿನ ಕಿವಿ ಗುಯ್ ಅಂತಿದ್ರೆ ದಯವಿಟ್ಟು ಕಾಯಬೇಡಿ

ಹಾಸನದ ನಮ್ಮ ಬಡಾವಣೆಯಲ್ಲಿ ಈ ಸಲದ ಗಣಪತಿಗೆ ಚಂದಾ ಎತ್ತೋದು ಶುರುವಾಗಿದೆ. ಡಿಜೆಗೆ ಅಡ್ವಾನ್ಸ್ ಕೊಡೋ ಮಾತೂ ನಡೀತಿದೆ. ಅದಕ್ಕೇ ಇದನ್ನು ಈಗಲೇ ಬರೀತಿದ್ದೀನಿ. 2024ರ ವಿಸರ್ಜನೆ ಮೆರವಣಿಗೆಯಲ್ಲಿ ನನ್ನ ಎಡಗಿವಿ ಹೋಯಿತು. ಪೂರ್ತಿ ಹೋಗಿಲ್ಲ, ಆದರೆ ಹೋದಷ್ಟು ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿಯಾಗಿದೆ. ಆಗ ನನಗೆ ಇಪ್ಪತ್ತಾರು ವರ್ಷ.

ನಾವು ಐದು ಜನ ಪ್ರೈಮರಿ ಸ್ಕೂಲಿಂದ ಜೊತೆಗಿರೋರು. ಯಾರು ಎಲ್ಲೇ ಕೆಲಸದಲ್ಲಿದ್ದರೂ ಗಣಪತಿ ಬಿಡೋ ದಿನ ಊರಲ್ಲಿರಬೇಕು. ನಾವು ಚಿಕ್ಕವರಿದ್ದಾಗ ಮೆರವಣಿಗೆ ಮುಂದೆ ತಮಟೆ ಇರ್ತಿತ್ತು, ಕೆಲವು ವರ್ಷ ಚಿಟ್ಟಿಮೇಳ. ಆ ವರ್ಷ ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಎರಡಾಳೆತ್ತರಕ್ಕೆ ಬಾಕ್ಸ್ ಪೇರಿಸಿದ್ದರು, ಹಿಂದೆ ಇನ್ನೊಂದು ಗಾಡೀಲಿ ಜನರೇಟರ್. ಸಂಜೆ ಆರೂವರೆಗೆ ಹೊರಟವರು ಕೆರೆ ಮುಟ್ಟಿದ್ದು ಹತ್ತೂಮುಕ್ಕಾಲಿಗೆ. ಅಷ್ಟೂ ಹೊತ್ತು ಬಾಕ್ಸಿನಿಂದ ಎರಡು ಮಾರು ದೂರದಲ್ಲಿ ಕುಣಿದೆವು. ಬೇಸ್ ಬಡಿದಾಗೆಲ್ಲ ಅಂಗಿ ಎದೆ ಮೇಲೆ ಅದುರುತ್ತಿತ್ತು, ಮುಚ್ಚಿದ ಅಂಗಡಿಗಳ ಶಟರ್ ಗಡಗಡ ಅಂತಿತ್ತು. ಒಂದು ಇಕ್ಕಟ್ಟಾದ ತಿರುವಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡು ಕಾಲು ಗಂಟೆ ನಿಂತಿತು. ನಾನು ಕಾಂಪೌಂಡ್ ಗೋಡೆಗೂ ಬಾಕ್ಸಿಗೂ ಮಧ್ಯೆ ಇದ್ದೆ. ಬಾಕ್ಸ್ ನನ್ನ ಎಡಗಡೆ.

ಅಲ್ಲೇ ಒಬ್ಬರು ಮೂರು ವರ್ಷದ ಮಗುವನ್ನ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಮಗು ಎರಡೂ ಕೈಲಿ ಕಿವಿ ಮುಚ್ಚಿಕೊಳ್ಳೋದು, ಅವರು ಆ ಕೈ ಬಿಡಿಸಿ ಕುಣಿಸೋದು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ರಾತ್ರಿ ಮನೆಗೆ ಬಂದಾಗ ಎರಡೂ ಕಿವಿಗೆ ಹತ್ತಿ ತುರುಕಿದ ಹಾಗಿತ್ತು, ಒಳಗೆ ಒಂದೇ ಸಮ ಗುಯ್ ಅಂತ ಶಬ್ದ. ಗೆಳೆಯನಿಗೆ ಹೇಳಿದರೆ, "ಲೋ, ನಂಗೂ ಹಂಗೇ ಐತೆ, ಮಲಗೆದ್ರೆ ಸರಿಹೋಗುತ್ತೆ ಬಿಡು ಮಗಾ" ಅಂದ. ಅವನಿಗೆ ಮಾರನೇ ಸಂಜೆಗೆ ಸರಿಹೋಯಿತು. ನನ್ನ ಬಲಗಿವಿಯೂ ತಿಳಿಯಾಯಿತು. ಎಡಗಿವಿ ಆಗಲಿಲ್ಲ.

ನನ್ನದು ಮೊಬೈಲ್ ರಿಪೇರಿ ಕೆಲಸ. ಎರಡನೇ ದಿನ ಅಂಗಡೀಲಿ ನನ್ನ ಫೋನನ್ನ ಎಡಗಿವಿಗೆ ಹಿಡಿದರೆ ಆ ಕಡೆಯವರು ದೂರದಿಂದ ಗೊಣಗಿದ ಹಾಗೆ ಕೇಳಿಸಿತು. ಇಯರ್‌ಪೀಸಿನ ಜಾಲರಿ ಬ್ರಷ್‌ನಲ್ಲಿ ಉಜ್ಜಿದೆ. ಆಗಲಿಲ್ಲ. ಸ್ಕ್ರೀನ್ ಬಿಚ್ಚಿ ಹೊಸ ಇಯರ್‌ಪೀಸ್ ಹಾಕಿದೆ. ಅದೂ ಹಾಗೇ. ಆಮೇಲೆ ಸುಮ್ಮನೆ ಬಲಗಿವಿಗೆ ಹಿಡಿದು ನೋಡಿದೆ, ಗಂಟೆ ಹೊಡೆದ ಹಾಗೆ ಸ್ಪಷ್ಟ. ಕೈಲಿದ್ದ ಸ್ಕ್ರೂಡ್ರೈವರ್ ಟೇಬಲ್ ಮೇಲಿಟ್ಟು ಎಷ್ಟೋ ಹೊತ್ತು ಹಾಗೇ ಕೂತಿದ್ದೆ.

ಅಷ್ಟಾದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಡ್ರಾಪ್ಸ್ ತಂದು ಹಾಕಿಕೊಂಡೆ. ಹೀಗೇ ಹನ್ನೊಂದು ದಿನ ಕಳೆದವು. ನನ್ನ ಇಡೀ ಕಥೆಯಲ್ಲಿ ದೊಡ್ಡ ತಪ್ಪು ಇದು. ಕುಣಿದದ್ದಕ್ಕಿಂತ ದೊಡ್ಡದು.

ಕೊನೆಗೆ ಇಎನ್‌ಟಿ ಡಾಕ್ಟರು ನೋಡಿ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯೋ ಪರೀಕ್ಷೆ, ಮಾಡಿಸಿದರು. ಸದ್ದು ಹೊಗದ ಪುಟ್ಟ ಕೋಣೆ, ತಲೆಗೆ ಹೆಡ್‌ಫೋನ್, ಕೈಲೊಂದು ಬಟನ್. ಕುಯ್ ಅಂದಾಗ ಒತ್ತಬೇಕು. ಬಲಗಿವಿಗೆ ಟಕಟಕ ಒತ್ತಿದೆ. ಎಡಗಿವಿ ಬಂದಾಗ ಗಾಜಿನಾಚೆ ಕೂತ ಹುಡುಗಿ ಏನೋ ತಿರುಗಿಸ್ತಾ ಇದ್ದಳು, ನನಗೆ ಏನೂ ಕೇಳಿಸ್ತಿರಲಿಲ್ಲ. ಹಾಳೆ ಬಂತು. ಬಲಗಿವಿಯ ಕೆಂಪು ಸೊನ್ನೆಗಳು ಮೇಲೆ ನೆಟ್ಟಗೆ ಸಾಲಾಗಿ ಇವೆ. ಎಡಗಿವಿಯ ನೀಲಿ ಇಂಟು ಗುರುತುಗಳು 4000 ಹರ್ಟ್ಸ್ ಅನ್ನೋ ಕೀರಲು ಸ್ವರದ ಹತ್ತಿರ ಬಾವಿಗೆ ಇಳಿದ ಹಾಗೆ ಇಳಿದಿವೆ. ಜೋರು ಸದ್ದಿನ ಪೆಟ್ಟು ಸಾಮಾನ್ಯವಾಗಿ ಬೀಳೋದೇ ಅಲ್ಲಿಗೆ. ಒಳಕಿವಿಯಲ್ಲಿ ಕೂದಲಿನಂಥ ಜೀವಕೋಶಗಳಿರುತ್ತವೆ, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಎಣ್ಣೆ, ಡ್ರಾಪ್ಸ್ ಕಿವಿಯೊಳಗಿನ ತಮಟೆ ದಾಟಿ ಅಲ್ಲಿಗೆ ಹೋಗೋದೇ ಇಲ್ಲ. "ಮಾರನೇ ದಿನವೇ ಬಂದಿದ್ರೆ ಉಳಿಸೋಕೆ ಅವಕಾಶ ಜಾಸ್ತಿ ಇತ್ತಲ್ಲಪ್ಪ" ಅಂದರು ಡಾಕ್ಟರು. ಸ್ಟೆರಾಯ್ಡ್ ಮಾತ್ರೆ ಕೊಟ್ಟರು, ಸ್ವಲ್ಪ ವಾಪಸ್ ಬಂತು. ಗುಯ್ ಅನ್ನೋದು ಹೋಗಿಲ್ಲ. ಹಗಲು ಅಂಗಡಿ ಗದ್ದಲದಲ್ಲಿ ಗೊತ್ತಾಗಲ್ಲ. ರಾತ್ರಿ ಫ್ಯಾನ್ ಹಾಕಿಕೊಳ್ಳದೆ ನಿದ್ದೆ ಬರಲ್ಲ.

ಡಾಕ್ಟರು ಹೇಳಿದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಸದ್ದಿನ ಜೋರನ್ನ ಅಳೆಯೋದು ಡೆಸಿಬಲ್‌ನಲ್ಲಿ. 85 ಡೆಸಿಬಲ್ ಸದ್ದನ್ನ ಕಿವಿ ದಿನಕ್ಕೆ 8 ಗಂಟೆ ತಡೆಯುತ್ತೆ. ಮೇಲೆ 3 ಡೆಸಿಬಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಡಿಜೆ ಬಾಕ್ಸಿನ ಎದುರು ಸಲೀಸಾಗಿ 100 ದಾಟುತ್ತೆ, ನಾವು ಅಲ್ಲಿ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಇದ್ದೆವು.

2025ರ ಸೆಪ್ಟೆಂಬರ್ 12ರ ರಾತ್ರಿ ನಮ್ಮ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ವಿಸರ್ಜನೆ ಮೆರವಣಿಗೆ ಮೇಲೆ ಲಾರಿ ನುಗ್ಗಿ ಹುಡುಗರು ಜೀವ ಕಳೆದುಕೊಂಡರು. ಆಗಿನಿಂದ ಎಲ್ಲ ಅಮ್ಮಂದಿರೂ "ಗಾಡಿ ನೋಡ್ಕೊಂಡು ಹೋಗು" ಅಂತಾರೆ, ಅನ್ನಲೇಬೇಕು. ಜೊತೆಗೆ ಕಿವಿ ಮಾತೂ ಸೇರಿಸಿ ಹೇಳಿ. ಆ ಸದ್ದಿನಲ್ಲಿ ಮುಳುಗಿದವನಿಗೆ ಬೆನ್ನ ಹಿಂದಿನ ಹಾರನ್ನೂ ಕೇಳಿಸಲ್ಲ.

ಮೆರವಣಿಗೆ ಬಿಡಿ ಅಂತ ನಾನು ಹೇಳ್ತಿಲ್ಲ. ಹೋದ ವರ್ಷ ನಾನೂ ಹೋಗಿದ್ದೆ, ಗಣಪತಿ ಗಾಡಿಯ ಹಿಂದೆ, ಬಾಕ್ಸಿನಿಂದ ದೂರ. ಬಯಲಲ್ಲಿ ದೂರ ದುಪ್ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ, ಅಂದರೆ ಹತ್ತು ಹೆಜ್ಜೆ ಹಿಂದೆ ಸರಿದರೂ ಲಾಭ. ಎರಡೂ ಕಡೆ ಗೋಡೆ ಇರೋ ಓಣಿಯಲ್ಲಿ ಮಾತ್ರ ಬಾಕ್ಸಿನ ಪಕ್ಕ ಸಿಕ್ಕಿಕೊಳ್ಳಬೇಡಿ. ಫೋಮಿನ ಇಯರ್ ಪ್ಲಗ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ. ಬೆರಳಲ್ಲಿ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆದು, ಇನ್ನೊಂದು ಕೈಲಿ ಕಿವಿ ಮೇಲಕ್ಕೆಳೆದು ಒಳಗಿಟ್ಟು, ಉಬ್ಬೋವರೆಗೆ ಒತ್ತಿ ಹಿಡಿಯಬೇಕು. ಹತ್ತಿ ಇಟ್ಟುಕೊಂಡರೆ ಹೆಚ್ಚೇನೂ ತಡೆಯಲ್ಲ. ಚಿಕ್ಕ ಮಕ್ಕಳನ್ನ ಡಿಜೆ ಹತ್ತಿರಕ್ಕೆ ಕರೆತರಲೇಬೇಡಿ. ಕಿವಿ ಕಟ್ಟಿ ಅಥವಾ ಗುಯ್ ಅಂದು ಮಾರನೇ ದಿನಕ್ಕೂ ಬಿಡದಿದ್ದರೆ ನೇರ ಇಎನ್‌ಟಿ ಹತ್ತಿರ ಹೋಗಿ.

ಕಮಿಟಿಯವರಿಗೂ ಒಂದು ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿಯ ಲೆಕ್ಕ. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಮ್ಮ ಮೆರವಣಿಗೆ ಒಂದು ನರ್ಸಿಂಗ್ ಹೋಮ್ ಎದುರೇ ಹಾದುಹೋಗಿತ್ತು, ಅಲ್ಲೂ ಸದ್ದು ತಗ್ಗಿಸಿರಲಿಲ್ಲ.

ಭಾನುವಾರ ಬಡಾವಣೆಯ ಸಭೆ ಇದೆ. ಆಡಿಯೋಗ್ರಾಮ್ ಹಾಳೆಯನ್ನ ಇಪ್ಪತ್ತು ಜೆರಾಕ್ಸ್ ಮಾಡಿಸಿಟ್ಟಿದ್ದೀನಿ.